ದಿನಬಳಕೆಯ ಕಾರು ಓಡಾಟ: ಒಂದು ಸಲ ಹೊರಟರೆ ನಿಜವಾಗಿ ಎಷ್ಟು ಕಿ.ಮೀ. ಹೋಗುತ್ತೀರಿ?

ದಾರಿಲೆಕ್ಕ

ಹೊಸ ಕಾರು ತಗೊಳ್ಳುವ ಮಾತು ಮನೆಯಲ್ಲಿ ಶುರುವಾದಾಗ ಮೊದಲು ಎದ್ದ ಪ್ರಶ್ನೆ ಇದು: ನಾವು ಒಂದು ಸಲ ಹೊರಟರೆ ಎಷ್ಟು ದೂರ ಹೋಗ್ತೀವಿ? ನಾನು "ಹದಿನೈದು ಕಿಲೋಮೀಟರ್ ಇರಬಹುದು" ಅಂದೆ. ಹೆಂಡತಿ ಇಪ್ಪತ್ತು ಅಂದಳು. ಮಗಳು ಐದೂ ಇಲ್ಲ ಅಂದಳು. ಮೂವರೂ ಒಂದೇ ಕಾರಿನಲ್ಲಿ ಓಡಾಡುವವರು, ಆದರೂ ಉತ್ತರ ಮೂರು.

ಹಾಗಾಗಿ ಬರೆದಿಡೋಣ ಅಂತ ನಿರ್ಧಾರ ಮಾಡಿದೆ. ಪ್ರತಿ ಸಲ ಗಾಡಿ ಶುರು ಮಾಡುವಾಗ ಟ್ರಿಪ್ ಮೀಟರ್ ಸೊನ್ನೆಗೆ ತರೋದು, ಇಳಿಯುವಾಗ ಪುಟ್ಟ ನೋಟ್‌ಬುಕ್‌ನಲ್ಲಿ ದೂರ ಮತ್ತು ಕಾರಣ ಬರೆಯೋದು. ಎಂಟು ವಾರ, ಅಂದರೆ 56 ದಿನ, ಒಂದೂ ಬಿಡದೆ ಬರೆದೆವು. ಸಿಕ್ಕಿದ್ದು ಇಷ್ಟು:

ಒಟ್ಟು 168 ಓಡಾಟ, 1,538 ಕಿ.ಮೀ. ಇದರಲ್ಲಿ 3 ಕಿ.ಮೀ. ಒಳಗಿನವು 74. 3ರಿಂದ 8 ಕಿ.ಮೀ. ನಡುವೆ 52. 8ರಿಂದ 20ರ ನಡುವೆ 34. 20ರಿಂದ 50ರ ನಡುವೆ ಆರೇ ಆರು. 50 ದಾಟಿದ್ದು ಎರಡು. ಅದೂ ಒಂದೇ ಪ್ರಯಾಣದ ಹೋಗುವುದು ಮತ್ತು ಬರುವುದು, ತಲಾ 262 ಕಿ.ಮೀ.

ಸರಾಸರಿ ತೆಗೆದರೆ 9.2 ಕಿ.ಮೀ. ಬರುತ್ತೆ. ಆದರೆ ನೋಟ್‌ಬುಕ್ ತಿರುವಿ ಹಾಕಿದರೆ ಒಂಬತ್ತರ ಆಸುಪಾಸಿನ ಓಡಾಟ ಬೆರಳೆಣಿಕೆಯಷ್ಟು. ಇದು ನಮ್ಮ ಮನೆಯ ಕಥೆ ಮಾತ್ರವೋ, ಎಲ್ಲರದೂ ಹೀಗೆಯೋ? ನಿಮ್ಮ ಲೆಕ್ಕ ಹೇಳಿ. ಅಂದಾಜು ಬೇಡ, ಅಳೆದದ್ದು ಇದ್ದರೆ ಒಳ್ಳೆಯದು.

ನಡುವಿನಸಂಖ್ಯೆ

ಎಂಟು ವಾರ ಪಟ್ಟು ಹಿಡಿದು ಬರೆದಿದ್ದಕ್ಕೆ ಮೊದಲು ಅಭಿನಂದನೆ ಸರ್. ನಿಮ್ಮ 168 ಅಂಕಿಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ಜೋಡಿಸಿ ನಟ್ಟನಡುವಿನದನ್ನು ನೋಡಿ. 74 ಓಡಾಟ 3 ಕಿ.ಮೀ. ಒಳಗೇ ಇರುವುದರಿಂದ ನಡುವಿನದು ಮೂರೂವರೆ ಹತ್ತಿರ ಇರಬೇಕು. ಅಂದರೆ ನಿಮ್ಮ ಮನೆಯ ಓಡಾಟಗಳಲ್ಲಿ ಅರ್ಧಕ್ಕರ್ಧ ಮೂರೂವರೆ ಕಿ.ಮೀ. ಒಳಗೇ ಮುಗಿಯುತ್ತವೆ. ಸರಾಸರಿಯನ್ನು ಒಂಬತ್ತಕ್ಕೆ ಎಳೆದದ್ದು ಆ ಒಂದು ದೂರದ ಪ್ರಯಾಣ. ಆ ಎರಡು ಸಾಲು ತೆಗೆದುಬಿಟ್ಟರೆ ಸರಾಸರಿ 6.1ಕ್ಕೆ ಇಳಿಯುತ್ತದೆ.

ಇನ್ನೊಂದು ಕಡೆಯಿಂದ ನೋಡಿ. 168ರಲ್ಲಿ ಕೇವಲ 2 ಓಡಾಟ, ಆದರೆ ಒಟ್ಟು ದೂರದಲ್ಲಿ ಮೂರನೇ ಒಂದು ಪಾಲು ಅವುಗಳದೇ. ಎಣಿಸಿದರೆ ಹತ್ತಿರದವು ಗೆಲ್ಲುತ್ತವೆ, ಕಿಲೋಮೀಟರ್ ಕೂಡಿದರೆ ದೂರದವು ಗೆಲ್ಲುತ್ತವೆ. ಈ ವಿಷಯದಲ್ಲಿ ನಡೆಯುವ ಜಗಳಗಳಲ್ಲಿ ಮುಕ್ಕಾಲು ಪಾಲು, ಒಬ್ಬರು ಎಣಿಕೆಯ ಮಾತಾಡುತ್ತಾ ಇನ್ನೊಬ್ಬರು ದೂರದ ಮಾತಾಡುತ್ತಾ ಇರುವುದರಿಂದಲೇ ಹುಟ್ಟುತ್ತವೆ.

ನಿಮ್ಮ ಮನೆಯೊಂದರ ಕಥೆಯೂ ಅಲ್ಲ ಇದು. ಅಮೆರಿಕದ ಹೆದ್ದಾರಿ ಇಲಾಖೆ ನಡೆಸುವ ರಾಷ್ಟ್ರೀಯ ಕುಟುಂಬ ಪ್ರಯಾಣ ಸಮೀಕ್ಷೆಯ 2017ರ ಅಂಕಿಗಳಲ್ಲಿ, ವಾಹನದ ಓಡಾಟಗಳಲ್ಲಿ ಸುಮಾರು ಶೇ. 60 ಆರು ಮೈಲಿ, ಅಂದರೆ ಹತ್ತು ಕಿ.ಮೀ.ಗಿಂತ ಕಡಿಮೆ ದೂರದವು. ನಾಲ್ಕರಲ್ಲಿ ಮೂರು ಪಾಲು ಹತ್ತು ಮೈಲಿ, ಅಂದರೆ 16 ಕಿ.ಮೀ. ಒಳಗೆ. ಅಷ್ಟು ಅಗಲವಾಗಿ ಹರಡಿಕೊಂಡಿರುವ, ಕಾರಿಲ್ಲದೆ ಬದುಕೇ ಇಲ್ಲ ಎನ್ನುವ ದೇಶದಲ್ಲೂ ಹೀಗೆ. ಇಂಗ್ಲೆಂಡಿನಲ್ಲಿ ಜನರಿಂದ ಒಂದು ವಾರದ ಪ್ರಯಾಣ ದಿನಚರಿ ಬರೆಸುತ್ತಾರೆ. 2019ರಲ್ಲಿ ಅಲ್ಲಿನ ಒಟ್ಟು ಓಡಾಟಗಳಲ್ಲಿ ಶೇ. 68 ಐದು ಮೈಲಿ, ಅಂದರೆ ಎಂಟು ಕಿ.ಮೀ. ಒಳಗಿನವು. ಇದರಲ್ಲಿ ನಡಿಗೆ, ಬಸ್ಸು, ಸೈಕಲ್ಲು ಎಲ್ಲ ಸೇರಿದೆ ಎನ್ನುವುದನ್ನು ಗಮನಿಸಿ. ಬರೀ ಕಾರಿನ ಲೆಕ್ಕ ಇದಕ್ಕಿಂತ ತುಸು ಉದ್ದ ಬರುತ್ತದೆ.

ಗ್ರೀಸ್‌ಕೈ

ಇಪ್ಪತ್ತೆರಡು ವರ್ಷದಿಂದ ಗ್ಯಾರೇಜಲ್ಲಿ ಕೆಲಸ ಮಾಡ್ತಿದೀನಿ. ಈ ವಿಷಯದಲ್ಲಿ ನನಗೆ ಹೇಳಲೇಬೇಕಾದ ಮಾತಿದೆ. "ಗಾಡಿ ಕಮ್ಮಿ ಓಡಿಸ್ತೀನಿ, ಅದಕ್ಕೇನೂ ಆಗಲ್ಲ" ಅಂತ ಬರ್ತಾರೆ. ವರ್ಷಕ್ಕೆ ನಾಲ್ಕು ಸಾವಿರ ಕಿಲೋಮೀಟರ್ ಓಡಿರತ್ತೆ. ಎಲ್ಲಾ ಎರಡೆರಡು ಕಿಲೋಮೀಟರ್ ಓಡಾಟ. ಅಂಥ ಇಂಜಿನ್ನು ದಿನಾ ಐವತ್ತು ಓಡೋ ಗಾಡಿಗಿಂತ ಹಾಳಾಗಿರೋದನ್ನ ಎಷ್ಟೋ ಸಲ ಬಿಚ್ಚಿ ನೋಡಿದೀನಿ.

ಯಾಕೆ ಅಂದ್ರೆ ಇಂಜಿನ್ ಪೂರ್ತಿ ಬಿಸಿಯಾಗೋಕೆ ಮುಂಚೆನೇ ನೀವು ಆಫ್ ಮಾಡಿಬಿಡ್ತೀರಿ. ಡ್ಯಾಷ್‌ಬೋರ್ಡಲ್ಲಿ ಶಾಖದ ಮುಳ್ಳು ಮಧ್ಯಕ್ಕೆ ಬಂತು ಅಂದ್ರೆ ಕೂಲೆಂಟ್, ಅಂದ್ರೆ ಇಂಜಿನ್ ತಣ್ಣಗಿಡೋ ದ್ರವ, ಬಿಸಿಯಾಯ್ತು ಅಂತ ಅಷ್ಟೇ. ಒಳಗಿನ ಆಯಿಲ್ ಬಿಸಿಯಾಗೋಕೆ ಅದಕ್ಕಿಂತ ಜಾಸ್ತಿ ಹೊತ್ತು ಬೇಕು. ಪೆಟ್ರೋಲ್ ಉರಿದಾಗ ನೀರು ಹುಟ್ಟತ್ತೆ, ಒಂದು ಲೀಟರಿಗೆ ಹೆಚ್ಚುಕಮ್ಮಿ ಒಂದು ಲೀಟರ್. ಬಿಸಿ ಇಂಜಿನ್ನಲ್ಲಿ ಅದು ಹಬೆಯಾಗಿ ಹೊರಗೆ ಹೋಗತ್ತೆ. ತಣ್ಣಗಿರೋ ಇಂಜಿನ್ನಲ್ಲಿ ಅದರಲ್ಲಿ ಸ್ವಲ್ಪ ಆಯಿಲ್ ಒಳಗೂ ಸೈಲೆನ್ಸರ್ ಒಳಗೂ ಉಳ್ಕೊಳತ್ತೆ. ಸೈಲೆನ್ಸರ್ ಒಳಗಿಂದ ತುಕ್ಕು ಹಿಡಿಯತ್ತೆ. ಆಯಿಲ್ ಹಾಕೋ ಮುಚ್ಚಳ ತೆಗೆದಾಗ ಬೆಳ್ಳಗೆ ಕೆನೆ ಥರ ಅಂಟಿರೋದು ಇದೇ ನೀರು ಆಯಿಲ್ ಜೊತೆ ಸೇರಿದ್ದು.

ಗಾಡಿ ಜೊತೆ ಬರೋ ಪುಸ್ತಕ ತೆಗೆದು ನೋಡಿ. ತುಂಬಾ ಕಂಪನಿಗಳು, ಪದೇಪದೇ 8 ಕಿಲೋಮೀಟರ್ ಒಳಗೆ ಓಡಿಸಿದ್ರೆ ಅದು ಕಠಿಣ ಬಳಕೆ, ಆಯಿಲ್ ಬೇಗ ಬದಲಾಯಿಸಿ ಅಂತ ಬರೆದಿರ್ತವೆ. ದಾರಿಲೆಕ್ಕ ಸರ್ ಹೇಳಿದ 168ರಲ್ಲಿ 126 ಎಂಟು ಕಿಲೋಮೀಟರ್ ಒಳಗೇ ಇದೆ. ಹಾಗಾಗಿ ಸರ್ವಿಸಿಗೆ ಕಿಲೋಮೀಟರ್ ನೋಡ್ಕೊಂಡು ಕೂರಬೇಡಿ, ತಿಂಗಳು ಲೆಕ್ಕ ಹಾಕಿ.

ಇನ್ನು ಡೀಸೆಲ್. ಈಗಿನ ಡೀಸೆಲ್ ಗಾಡಿಯಲ್ಲಿ ಮಸಿ ಹಿಡಿಯೋ ಫಿಲ್ಟರ್ ಇರತ್ತೆ, ಡಿಪಿಎಫ್ ಅಂತಾರೆ. ಅದರಲ್ಲಿ ತುಂಬಿದ ಮಸಿ ಸುಟ್ಟು ಹೋಗೋಕೆ ಸುಮಾರು 600 ಡಿಗ್ರಿ ಶಾಖ ಬೇಕು, ಹತ್ತು ಹದಿನೈದು ನಿಮಿಷ ಬಿಡದೆ ಓಡಬೇಕು. ಎರಡು ಕಿಲೋಮೀಟರ್ ಹೋಗಿ ನಿಲ್ಲಿಸಿದ್ರೆ ಸುಡೋ ಕೆಲಸ ಅರ್ಧಕ್ಕೆ ನಿಲ್ಲತ್ತೆ, ಅದಕ್ಕಂತ ಚಿಮ್ಮಿಸಿದ ಡೀಸೆಲ್ಲು ಆಯಿಲಿಗೆ ಇಳಿಯತ್ತೆ. ಆಯಿಲ್ ಕಡ್ಡಿ ಎತ್ತಿ ನೋಡಿದ್ರೆ ಮಟ್ಟ ಏರಿರತ್ತೆ. ಆಯಿಲ್ ಹೆಚ್ಚಾಯ್ತು ಅಂತ ಖುಷಿ ಪಡೋ ವಿಷಯ ಅಲ್ಲ ಅದು. ಹತ್ತಿರದ ಓಡಾಟಕ್ಕೇ ಗಾಡಿ ಬೇಕು ಅನ್ನೋರಿಗೆ ನಾನು ಡೀಸೆಲ್ ಬೇಡ ಅಂತ ಮುಖಕ್ಕೇ ಹೇಳ್ತೀನಿ.

ದೂರದಮನೆ

ಓದುತ್ತಾ ಓದುತ್ತಾ ಸ್ವಲ್ಪ ಬೇಸರವಾಯಿತು. ನನ್ನ ಮನೆಯಿಂದ ಕೆಲಸದ ಜಾಗಕ್ಕೆ 46 ಕಿ.ಮೀ. ಹೋಗಲು ಒಂದು ಗಂಟೆ ಹತ್ತು ನಿಮಿಷ, ಬರಲು ಅಷ್ಟೇ. ವಾರಕ್ಕೆ ಐದು ದಿನ, ಒಂಬತ್ತು ವರ್ಷದಿಂದ. ಜನ ಸಾಮಾನ್ಯವಾಗಿ ಐದಾರು ಕಿ.ಮೀ. ಓಡಾಡುತ್ತಾರೆ ಅಂದಾಗ ನಮ್ಮಂಥವರು ಆ ಲೆಕ್ಕದಲ್ಲಿ ಎಲ್ಲೂ ಕಾಣುವುದಿಲ್ಲ. ಹತ್ತಿರದಲ್ಲಿ ಮನೆ ಮಾಡುವುದು ನಮ್ಮ ಕೈಗೆ ಎಟುಕಲಿಲ್ಲ, ದೂರ ಹೋದೆವು. ಯಾರೂ ಇಷ್ಟಪಟ್ಟು ದಿನಕ್ಕೆ 92 ಕಿ.ಮೀ. ಓಡಿಸುವುದಿಲ್ಲ.

ನಡುವಿನಸಂಖ್ಯೆ

ದೂರದಮನೆ ಅವರೇ, ನಿಮ್ಮ ಬೇಸರ ನ್ಯಾಯವಾದದ್ದು. ನಡುವಿನ ಅಂಕಿ ಹೇಳುವುದು ನಡುವಿನವರ ಬಗ್ಗೆ ಮಾತ್ರ, ಅಂಚಿನಲ್ಲಿರುವವರ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ.

ನಿಮ್ಮ ಸ್ಥಿತಿಗೆ ಹತ್ತಿರವಾದ ಒಂದು ಹಳೆಯ ವಿಚಾರವಿದೆ. 1970ರ ದಶಕದಲ್ಲಿ ಯಾಕೋವ್ ಜಹಾವಿ ಎಂಬ ಸಂಶೋಧಕರು ಜನ ಎಷ್ಟು ದೂರ ಹೋಗುತ್ತಾರೆ ಎನ್ನುವುದರ ಬದಲು ಎಷ್ಟು ಹೊತ್ತು ಹೋಗುತ್ತಾರೆ ಎಂದು ನೋಡಿದರು. 1994ರಲ್ಲಿ ಇಟಲಿಯ ಭೌತವಿಜ್ಞಾನಿ ಚೆಸಾರೆ ಮಾರ್ಕೆಟ್ಟಿ ಅದನ್ನು ಮುಂದುವರಿಸಿ, ಒಟ್ಟು ಜನಸಂಖ್ಯೆಯ ಸರಾಸರಿ ತೆಗೆದರೆ ಮನುಷ್ಯ ದಿನಕ್ಕೆ ಸುಮಾರು ಒಂದು ಗಂಟೆ ಓಡಾಟಕ್ಕೆ ಕೊಡುತ್ತಾನೆ ಎಂದು ವಾದಿಸಿದರು. ನಡಿಗೆಯ ಕಾಲದ ಪಟ್ಟಣಗಳು ಸುಮಾರು ಐದು ಕಿ.ಮೀ. ಅಡ್ಡಳತೆಯೊಳಗೇ ಉಳಿದದ್ದು ಇದರಿಂದಲೇ ಎಂಬುದು ಅವರ ವಿವರಣೆ: ನಡುವಿನಿಂದ ಅಂಚಿಗೆ ಹೋಗಿ ಬರಲು ಒಂದು ಗಂಟೆ. ವೇಗದ ವಾಹನ ಬಂದಾಗ ಜನ ಸಮಯ ಉಳಿಸಲಿಲ್ಲ, ಅದೇ ಒಂದು ಗಂಟೆಯಲ್ಲಿ ಇನ್ನೂ ದೂರ ಹೋದರು. ಊರು ಹಿಗ್ಗಿತು.

ಇದು ಒಬ್ಬೊಬ್ಬರಿಗೂ ಅನ್ವಯಿಸುವ ನಿಯಮವಲ್ಲ. ನಿಮ್ಮದು ದಿನಕ್ಕೆ ಎರಡು ಗಂಟೆ ಇಪ್ಪತ್ತು ನಿಮಿಷ. ಸರಾಸರಿಯ ಎರಡು ಪಟ್ಟಿಗೂ ಮೀರಿದ್ದು. ಅದು ಭಾರವೆನಿಸುವುದರಲ್ಲಿ ಆಶ್ಚರ್ಯವಿಲ್ಲ.

ಮೂರುನಿಲ್ದಾಣ

ಎಲ್ಲರೂ ಅಂಕಿ ಹೇಳ್ತಿದೀರಿ, ಆದರೆ ಒಂದು ಓಡಾಟ ಅಂದರೆ ಏನು ಅಂತ ಯಾರೂ ಕೇಳಲಿಲ್ಲ. ನನ್ನ ನಿನ್ನೆಯ ದಿನ ಬರೀತೀನಿ, ನೀವೇ ಹೇಳಿ.

ಮನೆಯಿಂದ ಮಗನ ಶಾಲೆ 1.4 ಕಿ.ಮೀ. ಅಲ್ಲಿಂದ ಅಮ್ಮನಿಗೆ ಔಷಧಿ ಕೊಡೋಕೆ ಅವರ ಮನೆ 0.9. ಅಲ್ಲಿಂದ ಆಫೀಸು 6.2. ಸಂಜೆ ಆಫೀಸಿಂದ ಮಗನ ಸಂಗೀತ ಕ್ಲಾಸು 5.5, ಅಲ್ಲಿಂದ ಅಂಗಡಿ 0.7, ಅಂಗಡಿಯಿಂದ ಮನೆ 1.6. ಇದು ಆರು ಓಡಾಟವೋ, ಎರಡೋ, ಒಂದೋ? ಆರು ಅಂದರೆ ನಾನು ಸರಾಸರಿ 2.7 ಕಿ.ಮೀ. ಹೋಗುವವಳು. ಒಂದೇ ಸುತ್ತು ಅಂದರೆ 16.3.

ಇದು ಮಾತಿಗೆ ಮಾತು ಅಂತ ಹೇಳ್ತಿಲ್ಲ. "ಇಷ್ಟು ಹತ್ತಿರಕ್ಕೆ ಕಾರು ಯಾಕೆ, ನಡೆದು ಹೋಗಬಾರದಾ" ಅಂತ ನನಗೆ ಎಷ್ಟು ಜನ ಹೇಳಿದಾರೋ ಲೆಕ್ಕ ಇಲ್ಲ. ಅಮ್ಮನ ಮನೆಗೆ 0.9 ನಡೆದುಕೊಂಡು ಹೋಗಬಹುದು ನಿಜ. ಹೋದಮೇಲೆ ಆಫೀಸಿಗೆ 6.2 ಕಿ.ಮೀ. ಹೇಗೆ ಹೋಗಲಿ? ಕಾರು ಶಾಲೆಯ ಮುಂದೆ ನಿಂತಿರುತ್ತಲ್ಲ. ಮಕ್ಕಳನ್ನೂ ವಯಸ್ಸಾದವರನ್ನೂ ನೋಡಿಕೊಳ್ಳುವವರ ಓಡಾಟ ಹೀಗೇ ಇರುತ್ತೆ, ಒಂದಕ್ಕೊಂದು ಪೋಣಿಸಿದ ಹಾಗೆ. ನಡುವಿನ ಒಂದನ್ನು ಕಿತ್ತು ತೆಗೆಯೋಕೆ ಆಗಲ್ಲ.

ನಡುವಿನಸಂಖ್ಯೆ

ಮೇಡಂ, ಈ ಚರ್ಚೆಯ ಅತಿ ಮುಖ್ಯ ಪ್ರಶ್ನೆ ನಿಮ್ಮದು. ಸಮೀಕ್ಷೆಗಳ ಮಟ್ಟಿಗೆ ಉತ್ತರ ಸರಳ: ಒಂದು ಕಾರಣಕ್ಕಾಗಿ ಒಂದು ಜಾಗದಿಂದ ಇನ್ನೊಂದು ಜಾಗಕ್ಕೆ ಹೋದರೆ ಅದು ಒಂದು ಓಡಾಟ. ಹೋಗುವುದು ಒಂದು, ಬರುವುದು ಇನ್ನೊಂದು. ಹಾಗಾಗಿ ನಿಮ್ಮದು ಆರು. ಮನೆಯಿಂದ ಹೊರಟು ಮತ್ತೆ ಮನೆ ಸೇರುವವರೆಗಿನದನ್ನು ಸುತ್ತು ಎಂದು ಬೇರೆಯಾಗಿಯೇ ಎಣಿಸುತ್ತಾರೆ. ಆದರೆ ಪತ್ರಿಕೆಯ ತಲೆಬರಹಕ್ಕೆ ಬರುವುದು ಮೊದಲನೆಯ ಅಂಕಿ ಮಾತ್ರ. "ಅರ್ಧ ಓಡಾಟಗಳು ಐದು ಕಿ.ಮೀ. ಒಳಗೆ, ಆದ್ದರಿಂದ ಅರ್ಧಕ್ಕೆ ಕಾರು ಬೇಡ" ಎಂದು ತೀರ್ಮಾನಿಸುವವರು ಪೋಣಿಸಿದ ದಾರವನ್ನು ಮರೆತಿರುತ್ತಾರೆ. ಹೆಂಗಸರ ಓಡಾಟಗಳು ಗಂಡಸರವುಗಳಿಗಿಂತ ಚಿಕ್ಕವು, ಹೆಚ್ಚು ಪೋಣಿಸಿದವು ಎನ್ನುವುದು ಹಲವು ದೇಶಗಳ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡಿದೆ.

ಗ್ರೀಸ್‌ಕೈ

ಅಕ್ಕ ಹೇಳಿದ್ದು ಇಂಜಿನ್ನಿಗೂ ಅನ್ವಯಿಸತ್ತೆ. ಶಾಲೆ ಮುಂದೆ ಮೂರು ನಿಮಿಷ ನಿಂತ್ರೆ ಇಂಜಿನ್ ತಣ್ಣಗಾಗಲ್ಲ. ಅಕ್ಕನ ಬೆಳಗಿನ ಮೂರೂ ಸೇರಿ ಇಂಜಿನ್ನಿಗೆ ಒಂದೇ 8.5 ಕಿಲೋಮೀಟರ್. ಒಂದೊಂದು ಸಲವೂ ಗಂಟೆಗಟ್ಟಲೆ ನಿಂತು ಹೊರಡೋ 2 ಕಿಲೋಮೀಟರೇ ಇಂಜಿನ್ನಿಗೆ ಕೆಟ್ಟದ್ದು. ದೂರದ ಜೊತೆ, ಹೊರಡೋ ಮುಂಚೆ ಗಾಡಿ ಎಷ್ಟು ಹೊತ್ತು ನಿಂತಿತ್ತು ಅಂತಲೂ ಬರೀರಿ.

ಸದ್ದಿಲ್ಲದಗಾಡಿ

ಮೂರು ವರ್ಷದಿಂದ ಎಲೆಕ್ಟ್ರಿಕ್ ಕಾರು ಓಡಿಸುತ್ತಿದ್ದೇನೆ. ಕೊಳ್ಳುವ ಮುಂಚೆ ನನ್ನನ್ನು ಎಲ್ಲರೂ ಕೇಳಿದ್ದು "ಪೂರ್ತಿ ಚಾರ್ಜಿಗೆ ಎಷ್ಟು ಹೋಗುತ್ತೆ" ಎಂದು. ನೀವು ದಿನಕ್ಕೆ ಎಷ್ಟು ಹೋಗುತ್ತೀರಿ ಎಂದು ಒಬ್ಬರೂ ಕೇಳಲಿಲ್ಲ.

ದಾರಿಲೆಕ್ಕ ಅವರ ಅಂಕಿ ತಗೊಳ್ಳಿ. 1,538 ಕಿ.ಮೀ.ಯನ್ನು 56 ದಿನಕ್ಕೆ ಹಂಚಿದರೆ ದಿನಕ್ಕೆ 27 ಕಿ.ಮೀ. ಚಿಲ್ಲರೆ. ಸಾಧಾರಣ ಗಾತ್ರದ ಎಲೆಕ್ಟ್ರಿಕ್ ಕಾರು 100 ಕಿ.ಮೀ.ಗೆ ಸುಮಾರು 15 ಯೂನಿಟ್ ಉಪಯೋಗಿಸುತ್ತದೆ ಅಂದುಕೊಂಡರೆ ದಿನಕ್ಕೆ ನಾಲ್ಕು ಯೂನಿಟ್ ಸಾಕು. ಮನೆಯ 16 ಆಂಪಿಯರ್ ಪ್ಲಗ್ಗಿನಲ್ಲಿ ಗಂಟೆಗೆ ಮೂರು ಯೂನಿಟ್ ಸಿಕ್ಕರೆ ಒಂದೂವರೆ ಗಂಟೆಯ ಕೆಲಸ. ದೂರದಮನೆ ಅವರ 92 ಕಿ.ಮೀ.ಗೂ ಹದಿನಾಲ್ಕು ಯೂನಿಟ್, ರಾತ್ರಿ ಐದು ಗಂಟೆ. ಇಬ್ಬರೂ ಬೆಳಿಗ್ಗೆ ಎದ್ದಾಗ ಗಾಡಿ ತುಂಬಿರುತ್ತದೆ.

ಈ ಹಂಚಿಕೆಯನ್ನು ನೆಚ್ಚಿಕೊಂಡೇ ಕಾರು ತಯಾರಾದದ್ದೂ ಉಂಟು. 2010ರ ಕೊನೆಯಲ್ಲಿ ಬಂದ ಷೆವ್ರೊಲೆ ವೋಲ್ಟ್ ಕಾರಿಗೆ ಜನರಲ್ ಮೋಟರ್ಸ್ ಗುರಿಯಿಟ್ಟದ್ದು 40 ಮೈಲಿ ಬ್ಯಾಟರಿ ಓಟ. ಅಮೆರಿಕದ ಮುಕ್ಕಾಲು ಪಾಲಿಗೂ ಹೆಚ್ಚು ಜನ ಕೆಲಸಕ್ಕೆ ಹೋಗಿಬರುವ ದೂರ ದಿನಕ್ಕೆ ಅದರೊಳಗೇ ಎಂಬ ಲೆಕ್ಕದ ಮೇಲೆ. ಆಚೆಗಿನ ದೂರಕ್ಕೆ ಪೆಟ್ರೋಲ್ ಇಂಜಿನ್ ಇತ್ತು.

ಒಂದು ಮಾತು ಪ್ರಾಮಾಣಿಕವಾಗಿ ಹೇಳಬೇಕು. ಹತ್ತಿರದ ಓಡಾಟದಲ್ಲಿ ನನ್ನ ಕಾರೂ ಕಿಲೋಮೀಟರಿಗೆ ಹೆಚ್ಚು ಕರೆಂಟ್ ತಿನ್ನುತ್ತದೆ. ಬಿಸಿಲಲ್ಲಿ ನಿಂತ ಗಾಡಿಯನ್ನು ಎಸಿ ತಣ್ಣಗೆ ಮಾಡುವಷ್ಟರಲ್ಲಿ ಎರಡು ಕಿ.ಮೀ. ಮುಗಿದಿರುತ್ತದೆ. ಚಳಿಯಲ್ಲಿ ಹೀಟರ್ ಹಾಕಿದರೂ ಇದೇ ಕಥೆ. ಆದರೆ ಆಯಿಲ್ ಕೆಡುವುದು, ಮಸಿ ಕಟ್ಟುವುದು ಇಲ್ಲ.

ದಾರಿಲೆಕ್ಕ

ಒಪ್ಪುತ್ತೇನೆ, ಆದರೆ ಆ 262 ಕಿ.ಮೀ. ಪ್ರಯಾಣ ಮಾವನವರಿಗೆ ಹುಷಾರಿಲ್ಲ ಅಂತ ಫೋನು ಬಂದು ರಾತ್ರಿ ಹತ್ತಕ್ಕೆ ಹೊರಟದ್ದು. ವರ್ಷಕ್ಕೆ ಒಂದೇ ಸಲ ಆದರೂ ಆ ಒಂದು ಸಲಕ್ಕೆ ಗಾಡಿ ತಯಾರಿರಬೇಕು ಎನ್ನುವ ಮನಸ್ಸನ್ನು ಶೇಕಡಾವಾರು ಲೆಕ್ಕ ತೋರಿಸಿ ಬದಲಾಯಿಸಲು ಆಗುವುದಿಲ್ಲ.

ಸದ್ದಿಲ್ಲದಗಾಡಿ

ನಿಜ ಸರ್. ಅದಕ್ಕೇ ನಾನು ರಾತ್ರಿ ಗಾಡಿ ಅರ್ಧಕ್ಕಿಂತ ಕೆಳಗೆ ಬಿಡುವುದೇ ಇಲ್ಲ. ನಿಮ್ಮ ದಿನದ ಓಟಕ್ಕೆ ಅದು ಕಷ್ಟವೂ ಅಲ್ಲ. ದಾರಿಯಲ್ಲಿ ಒಂದು ಕಡೆ ನಿಲ್ಲಬೇಕಾಗಬಹುದು, ಅದನ್ನು ಮೊದಲೇ ಒಪ್ಪಿಕೊಂಡಿರಬೇಕು.

ಪೆಡಲ್

ಸೈಕಲ್ ತುಳಿಯುವವನ ಕಡೆಯಿಂದ ಒಂದು ಲೆಕ್ಕ. ದಾರಿಲೆಕ್ಕ ಅವರೇ, ಆ 74ರಲ್ಲಿ ಮೂರುನಿಲ್ದಾಣ ಮೇಡಂ ಹೇಳಿದ ಹಾಗೆ ಪೋಣಿಸಿದವು ಎಷ್ಟು, ಬರೀ ಹೋಗಿ ಬಂದವು ಎಷ್ಟು?

ದಾರಿಲೆಕ್ಕ

ಈಗ ಕೂತು ಗುರುತು ಹಾಕಿದೆ. 42 ಪೋಣಿಸಿದವು. 32 ಬರೀ ಹೋಗಿ ಬಂದದ್ದು, ಅಂದರೆ 16 ಸಲ ಮನೆಯಿಂದ ಹೊರಟು ಒಂದು ಕೆಲಸ ಮುಗಿಸಿ ವಾಪಸ್. ವಾರಕ್ಕೆ ಎರಡು. 74 ಎನ್ನುವ ದೊಡ್ಡ ಅಂಕಿ ಕೈಯಲ್ಲಿ ಕರಗಿ ಹೋಯಿತು.

ಪೆಡಲ್

ವಾರಕ್ಕೆ ಎರಡೇ ಆದರೂ ನೋಡಿ. 1.8 ಕಿ.ಮೀ. ದಾರಿ ಅಂದುಕೊಳ್ಳಿ. ಊರೊಳಗೆ ಕಾರು ಗಂಟೆಗೆ 18 ಕಿ.ಮೀ. ವೇಗದಲ್ಲಿ ಹೋದರೆ ಆರು ನಿಮಿಷ. ಗೇಟು ತೆಗೆದು ಗಾಡಿ ಹೊರಗೆ ತರುವುದು, ಅಲ್ಲಿ ನಿಲ್ಲಿಸಲು ಜಾಗ ಹುಡುಕುವುದು, ಅಲ್ಲಿಂದ ನಡೆಯುವುದು ಸೇರಿಸಿದರೆ ಹತ್ತು ಹನ್ನೊಂದು. ಸೈಕಲ್ಲಿನಲ್ಲಿ ನಿಧಾನಕ್ಕೆ ಗಂಟೆಗೆ 13ರಲ್ಲಿ ಹೋದರೂ ಎಂಟು ಚಿಲ್ಲರೆ ನಿಮಿಷ, ಬಾಗಿಲಿಂದ ಬಾಗಿಲಿಗೆ. ನಡೆದರೆ ಇಪ್ಪತ್ತೆರಡು. ಎರಡು ಕಿ.ಮೀ. ಒಳಗೆ ಕಾರು ವೇಗ ಅನ್ನುವುದು ನಮ್ಮ ಭಾವನೆ ಮಾತ್ರ. ಗಡಿಯಾರ ಹಿಡಿದು ನೋಡಿದವರು ಕಡಿಮೆ.

ರಸ್ತೆ ಸುರಕ್ಷಿತವಾಗಿದ್ದರೆ ಎನ್ನುವ ಮಾತು ಇದಕ್ಕೆ ಸೇರಿದೆ. ಅದಿಲ್ಲದ ಕಡೆ ನಾನು ಯಾರಿಗೂ ಒತ್ತಾಯ ಮಾಡಲಾರೆ.

ನಿಧಾನ

ನಮ್ಮ ತಂದೆಗೆ 81. ಇನ್ನೂರು ಹೆಜ್ಜೆಗೆ ಕಾಲು ಸೋಲುತ್ತದೆ. ವಾರಕ್ಕೆ ಮೂರು ಸಲ ಫಿಸಿಯೋಥೆರಪಿಗೆ 800 ಮೀಟರ್ ಕಾರಿನಲ್ಲಿ ಕರೆದುಕೊಂಡು ಹೋಗುತ್ತೇನೆ. ನಿಮ್ಮ ಪಟ್ಟಿಗಳಲ್ಲಿ ಇದು ಅತಿ ಸಣ್ಣ ಅಂಕಿ. ನಮ್ಮ ಮನೆಯಲ್ಲಿ ಕಾರು ಇರುವುದೇ ಅದಕ್ಕೆ.

ಗ್ರೀಸ್‌ಕೈ

ನಿಧಾನ ಅವರೇ, ಆ 800 ಮೀಟರ್ ಹೋಗ್ತಾ ಇರಿ. ವಾರಕ್ಕೊಂದು ಸಲ ಹದಿನೈದು ಇಪ್ಪತ್ತು ಕಿಲೋಮೀಟರ್ ಬಿಡದೆ ಓಡಿಸಿ, ಆಯಿಲ್ ವರ್ಷ ದಾಟಿಸಬೇಡಿ. ಬ್ಯಾಟರಿಗೂ ಒಳ್ಳೇದು. ಒಂದು ಸ್ಟಾರ್ಟಿಗೆ ತೆಗೆದ ಚಾರ್ಜು 800 ಮೀಟರಲ್ಲಿ ವಾಪಸ್ ತುಂಬೋದು ಕಷ್ಟ.

ದೂರದಮನೆ

ಮೇಲೆ ಸಿಟ್ಟಿನಲ್ಲೇ ಬರೆದಿದ್ದೆ. ಆಮೇಲೆ ದಾರಿಲೆಕ್ಕ ಅವರ ಹಾಗೆ ನಾನೂ ಒಂದು ವಾರ ಬರೆದೆ. 19 ಓಡಾಟ. ಹತ್ತು ಕೆಲಸದವು, ಒಂದೊಂದೂ 46. ಉಳಿದ ಒಂಬತ್ತೂ 3 ಕಿ.ಮೀ. ಒಳಗೆ, ಎಲ್ಲಾ ಸಂಜೆ ಮನೆಗೆ ಬಂದಮೇಲೆ ಅಥವಾ ರಜೆಯ ದಿನ. ನಡುವೆ ಏನೂ ಇಲ್ಲ. ಸರಾಸರಿ 25 ಕಿ.ಮೀ. ಬರುತ್ತದೆ. ಒಂಬತ್ತು ವರ್ಷದಲ್ಲಿ 25 ಕಿ.ಮೀ.ನ ಓಡಾಟ ಒಂದಾದರೂ ಮಾಡಿದ್ದು ನೆನಪಿಲ್ಲ.

ಗ್ರೀಸ್‌ಕೈ ಅಣ್ಣ, ನನ್ನದು ಡೀಸೆಲ್. ಆ ಒಂಬತ್ತರಿಂದ ತೊಂದರೆಯೇ?

ಗ್ರೀಸ್‌ಕೈ

ನಿಮ್ಮ 46 ದಿನಾ ಎರಡು ಸಲ ಇರೋದ್ರಿಂದ ಫಿಲ್ಟರಿನ ಮಸಿ ಸುಡೋಕೆ ಬೇಕಾದಷ್ಟು ಹೊತ್ತು ಸಿಗತ್ತೆ, ಹೆದರಬೇಡಿ. ಸಂಜೆಯವನ್ನ ಮನೆಗೆ ಬರೋ ದಾರೀಲೇ ಮುಗಿಸೋಕೆ ಆಗತ್ತಾ ನೋಡಿ, ಇಂಜಿನ್ ಬಿಸಿ ಇರೋವಾಗಲೇ.

ದೂರದಮನೆ

ಇವತ್ತು ಎರಡು ಕೆಲಸ ದಾರಿಯಲ್ಲೇ ಮುಗಿಸಿದೆ. ಎಂಟು ನಿಮಿಷ ತಡವಾಗಿ ಮನೆ ಸೇರಿದೆ, ಆಮೇಲೆ ಕೀಲಿ ಮುಟ್ಟಲಿಲ್ಲ.